ಗೂಡಿಗೆ ಕಾವಲಿದೆ, ತುತ್ತಿಗಿಲ್ಲ

ರಾಮನಗರದ ರಾಮದೇವರ ಬೆಟ್ಟವನ್ನು ಸರ್ಕಾರ 2012ರಲ್ಲಿ ರಣಹದ್ದುಗಳ ವನ್ಯಧಾಮವೆಂದು ಘೋಷಿಸಿತು. ರಣಹದ್ದಿಗೆಂದೇ ಮೀಸಲಾದ ವನ್ಯಧಾಮ ದೇಶದಲ್ಲಿ ಅದೇ ಮೊದಲನೆಯದು. ‘ಶೋಲೆ’ ಚಿತ್ರದಿಂದ ದೇಶಕ್ಕೆಲ್ಲ ಪರಿಚಯವಾದ ಕಲ್ಲುಬೆಟ್ಟಗಳ ನಡುವೆ ಸುಮಾರು 346 ಹೆಕ್ಟೇರ್ ಬಂಡೆ, ಕುರುಚಲು ಕಾಡು ಹೀಗೆ ರಕ್ಷಣೆಗೆ ಬಂತು. ಅದರಿಂದ ಒಳ್ಳೆಯದೇ ಆಯಿತು. ಕಡಿದಾದ ಬಂಡೆಗಳ ಸಂದಿಯಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದಿಗೆ ಜನರ ಕಾಟ ತಪ್ಪಿತು, ಬಂಡೆಗೆ ಕಾನೂನಿನ ಆಸರೆ ಸಿಕ್ಕಿತು. ಆದರೆ ಘೋಷಣೆಯಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೂ ಅಲ್ಲಿ ಉಳಿದಿರುವ ಹಕ್ಕಿಗಳು ಬೆರಳೆಣಿಕೆಯಷ್ಟೇ. ಬಂಡೆ ಇದೆ, ಕಾವಲಿದೆ, ಕಾನೂನಿದೆ. ಹಕ್ಕಿ ಮಾತ್ರ ಹೆಚ್ಚಲಿಲ್ಲ. ಇದಕ್ಕೆ ಕಾರಣವನ್ನು ಬೆಟ್ಟದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಬೆಟ್ಟದಿಂದ ಕೆಳಗೆ, ಮದ್ದೂರು, ಮಂಡ್ಯ, ಮಳವಳ್ಳಿ ಕಡೆಯ ದನದ ಕೊಟ್ಟಿಗೆಗಳಲ್ಲಿದೆ. ರಣಹದ್ದು ಬೆಟ್ಟದಲ್ಲಿ ಮಲಗುತ್ತದೆ, ಮರಿ ಮಾಡುತ್ತದೆ. ಉಣ್ಣುವುದು ಊರಿನ ಸೀಮೆಯಲ್ಲಿ. ನಾವು ಅದರ ಗೂಡನ್ನು ಕಾದೆವು, ತುತ್ತನ್ನು ಕಾಯಲಿಲ್ಲ ಎಂಬುದೇ ಈ ಲೇಖನದ ವಾದ.

ತುತ್ತಿನಲ್ಲಿ ಏನಿತ್ತು ಎಂಬುದು ಗೊತ್ತಾಗಲು ಹಲವು ವರ್ಷ ಹಿಡಿಯಿತು. 1990ರ ದಶಕದಲ್ಲಿ ರಾಜಸ್ಥಾನದ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ರಣಹದ್ದುಗಳು ಕತ್ತು ಜೋಲು ಬಿಟ್ಟು ಕೂತು, ಕೊಂಬೆಯಿಂದ ಕಳಚಿ ಬಿದ್ದು ಸಾಯುತ್ತಿರುವುದನ್ನು ವಿಜ್ಞಾನಿ ವಿಭು ಪ್ರಕಾಶ್ ಗಮನಿಸಿದರು. ರೋಗವಿರಬಹುದೆಂದು ಹಲವರು ಊಹಿಸಿದರು, ವೈರಸ್ಸಿಗಾಗಿ ಹುಡುಕಿದರು. 2004ರಲ್ಲಿ ವಿಜ್ಞಾನಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳನ್ನು ಪರೀಕ್ಷಿಸಿ ನಿಜವಾದ ಕಾರಣವನ್ನು ಪ್ರಕಟಿಸಿದರು: ಡೈಕ್ಲೋಫೆನಾಕ್. ಮನುಷ್ಯರು ಸೊಂಟನೋವು, ಮಂಡಿನೋವಿಗೆ ನುಂಗುವ, ದನಗಳಿಗೆ ಜ್ವರ, ಬಾವು, ಕಾಲುನೋವು ಬಂದಾಗ ಸೂಜಿಯಲ್ಲಿ ಕೊಡುತ್ತಿದ್ದ ಅಗ್ಗದ ಔಷಧ. ಇದನ್ನು ಪಡೆದ ಹಸು ಒಂದೆರಡು ದಿನದಲ್ಲಿ ಸತ್ತರೆ ಔಷಧ ಅದರ ಮಾಂಸದಲ್ಲಿ, ಪಿತ್ತಜನಕಾಂಗದಲ್ಲಿ, ಮೂತ್ರಪಿಂಡದಲ್ಲಿ ಉಳಿದಿರುತ್ತದೆ. ತಿಂದ ಹದ್ದಿನ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. ಹೊರಹೋಗಬೇಕಾದ ಯೂರಿಕ್ ಆಮ್ಲ ರಕ್ತದಲ್ಲೇ ಉಳಿದು, ಹೃದಯ ಮತ್ತು ಪಿತ್ತಜನಕಾಂಗದ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತದೆ. ಕೊಳೆತ ಮಾಂಸವನ್ನೂ ಅದರಲ್ಲಿನ ರೋಗಾಣುಗಳನ್ನೂ ಅರಗಿಸಿಕೊಳ್ಳುವ ಹೊಟ್ಟೆಗೆ ಈ ನೋವಿನ ಮದ್ದನ್ನು ಅರಗಿಸಲಾಗಲಿಲ್ಲ. 1992ರಿಂದ 2007ರ ನಡುವೆ ದೇಶದಲ್ಲಿ ಬಿಳಿ ಬೆನ್ನಿನ ರಣಹದ್ದು ಶೇ 99.9ರಷ್ಟು, ಉದ್ದ ಕೊಕ್ಕಿನದು ಶೇ 97ರ ಆಸುಪಾಸು ಕಡಿಮೆಯಾದವು. ಯಾವ ಬೇಟೆಗಾರನೂ, ಯಾವ ಕಾಡುಗಳ್ಳನೂ ಇಷ್ಟು ವೇಗವಾಗಿ ಒಂದು ಹಕ್ಕಿಯನ್ನು ಮುಗಿಸಿದ್ದಿಲ್ಲ.

ಇಲ್ಲಿ ಒಂದು ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಇಡೀ ವಾದ ನಿಂತಿರುವುದು ಅದರ ಮೇಲೆ. ಹದ್ದುಗಳ ಕುಸಿತಕ್ಕೆ ಎಲ್ಲ ಹೆಣಗಳೂ ವಿಷವಾಗಿರಬೇಕಿಲ್ಲ. ನೂರು ಸತ್ತ ದನಗಳಲ್ಲಿ ಒಂದಕ್ಕಿಂತಲೂ ಕಡಿಮೆ ವಿಷವಾಗಿದ್ದರೂ ಈ ಪ್ರಮಾಣದ ಕುಸಿತ ಸಾಧ್ಯ ಎಂದು 2004ರಲ್ಲೇ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಕಾರಣ ಹದ್ದು ಉಣ್ಣುವ ರೀತಿಯಲ್ಲಿದೆ. ಒಂದು ಹೆಣ ಕಂಡರೆ ಮೈಲುಗಟ್ಟಲೆ ದೂರದಿಂದ ಒಂದರ ಹಿಂದೆ ಒಂದು ಇಳಿದು ಹತ್ತಾರು ಹಕ್ಕಿಗಳು ಒಟ್ಟಿಗೆ ಉಣ್ಣುತ್ತವೆ. ಹಾಗಾಗಿ ಒಂದು ಕೆಟ್ಟ ಹೆಣ ಒಂದು ಹಿಂಡನ್ನೇ ತೆಗೆಯಬಲ್ಲದು. ಇನ್ನೊಂದು ಕಾರಣ ಹದ್ದು ಹುಟ್ಟುವ ರೀತಿಯಲ್ಲಿದೆ. ವರ್ಷಕ್ಕೆ ಒಂದೇ ಮೊಟ್ಟೆ. ಮರಿ ಬೆಳೆದು ತಾನು ಮರಿ ಮಾಡುವ ಹೊತ್ತಿಗೆ ಐದು ವರ್ಷದ ಮೇಲಾಗುತ್ತದೆ. ಗುಬ್ಬಿ, ಮೈನಾಗಳಂತೆ ಒಂದು ಒಳ್ಳೆಯ ಮಳೆಗಾಲದಲ್ಲಿ ಕಳೆದುಕೊಂಡದ್ದನ್ನು ತುಂಬಿಕೊಳ್ಳುವ ಜೀವ ಇದಲ್ಲ. ರಾಮದೇವರ ಬೆಟ್ಟದಂಥ ಚಿಕ್ಕ ಗುಂಪಿನಲ್ಲಿ ಬೆಳೆದ ಹಕ್ಕಿಗಳು ಎರಡು ಸತ್ತರೆ ಒಂದು ಜೋಡಿಯ ಮುಂದಿನ ಇಪ್ಪತ್ತು ವರ್ಷದ ಮರಿಗಳೇ ಹೋದಂತೆ.

ಈಗ ನಕ್ಷೆಯನ್ನು ನೋಡೋಣ. ರಣಹದ್ದು ಬಿಸಿಗಾಳಿಯ ಆಸರೆಯಲ್ಲಿ ರೆಕ್ಕೆ ಬಡಿಯದೆ ಮೇಲೇರಿ, ಊಟ ಹುಡುಕುತ್ತಾ ದಿನಕ್ಕೆ ನೂರು ಕಿಲೋಮೀಟರನ್ನು ಸಲೀಸಾಗಿ ಹಾರುತ್ತದೆ. ಅದಕ್ಕೇ ‘ರಣಹದ್ದಿಗೆ ಸುರಕ್ಷಿತ ವಲಯ’ ಎಂದು ತಜ್ಞರು ಹೇಳುವಾಗ ಗೂಡಿನ ಸುತ್ತ ನೂರು ಕಿಲೋಮೀಟರ್ ತ್ರಿಜ್ಯದ ವೃತ್ತವನ್ನು ಎಳೆಯುತ್ತಾರೆ. ರಾಮದೇವರ ಬೆಟ್ಟವನ್ನು ನಡುವಿಟ್ಟು ಅಂಥ ವೃತ್ತ ಎಳೆದರೆ ಅದರ ವಿಸ್ತಾರ ಮೂವತ್ತೊಂದು ಸಾವಿರ ಚದರ ಕಿಲೋಮೀಟರನ್ನು ದಾಟುತ್ತದೆ. ವನ್ಯಧಾಮದ ವಿಸ್ತಾರ ಮೂರೂವರೆ ಚದರ ಕಿಲೋಮೀಟರ್. ಹೆದ್ದಾರಿಯಲ್ಲಿ ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದ ಮದ್ದೂರು ಆ ಹಕ್ಕಿಗೆ ಬೆಳಗಿನ ಒಂದು ಸುತ್ತು. ಮಂಡ್ಯ, ಮಳವಳ್ಳಿ ಎರಡೂ ವೃತ್ತದ ಒಳಗೇ ಬರುತ್ತವೆ. ಈ ಸೀಮೆ ದನಕರುಗಳ ಸೀಮೆ. ಹಳ್ಳಿಕಾರ್ ಎತ್ತುಗಳ ಊರುಗಳು ಇಲ್ಲಿವೆ, ಮಳವಳ್ಳಿ ತಾಲ್ಲೂಕಿನ ಬಂಡೂರು ತನ್ನ ಕುರಿಗೆ ಹೆಸರಾಗಿದೆ, ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಮಂಡ್ಯ ಹಾಲು ಒಕ್ಕೂಟದ ಡೇರಿ ಇದೆ. ಕಬ್ಬಿನ ಬಿಲ್ಲು ಯಾವಾಗ ಬರುತ್ತದೋ ಎಂದು ಕಾಯುವ ಮನೆಗೆ ಹದಿನೈದು ದಿನಕ್ಕೊಮ್ಮೆ ಕೈಗೆ ಬರುವ ಹಾಲಿನ ದುಡ್ಡೇ ಸಂಸಾರ ನಡೆಸುತ್ತದೆ. ಹೀಗಿರುವಾಗ ಎಚ್‌ಎಫ್ ಹಸುವಿಗೆ ಕೆಚ್ಚಲು ಬಾವು ಬಂದರೆ ರೈತ ಕಾಯುತ್ತಾ ಕೂರಲಾರ. ಕೆಚ್ಚಲು ಕೆಂಪಗೆ ಊದಿ, ಮುಟ್ಟಿದರೆ ಸುಡುವಷ್ಟು ಬಿಸಿಯಾಗಿ, ಮೊಲೆ ಹಿಂಡಿದರೆ ಹಾಲಿನ ಬದಲು ಹೆಪ್ಪು ಬರುತ್ತದೆ. ಹಸು ಕರೆಯಲು ಬಿಡದೆ ಒದೆಯುತ್ತದೆ, ಮೇವು ಬಿಡುತ್ತದೆ. ಡಾಕ್ಟರನ್ನು ಕರೆಸಿ ಆಂಟಿಬಯಾಟಿಕ್ ಜೊತೆಗೊಂದು ನೋವಿನ ಇಂಜೆಕ್ಷನ್ ಹಾಕಿಸುತ್ತಾರೆ. ಡಾಕ್ಟರು ಸಿಗದಿದ್ದರೆ ಊರಲ್ಲಿ ಸೂಜಿ ಹಾಕಲು ಬಲ್ಲವರೊಬ್ಬರು ಸಿಕ್ಕೇ ಸಿಗುತ್ತಾರೆ. ರಾಮನಗರದ ರಣಹದ್ದಿನ ಭವಿಷ್ಯ ತೀರ್ಮಾನವಾಗುವುದು ಆ ಬಾಟಲಿಯ ಮೇಲಿನ ಹೆಸರಿನಲ್ಲಿ.

ಇದಕ್ಕೆ ಮೊದಲ ಆಕ್ಷೇಪ ಸಹಜವಾದದ್ದು: ಡೈಕ್ಲೋಫೆನಾಕ್ ನಿಷೇಧವಾಗಿ ಎಷ್ಟೋ ವರ್ಷವಾಯಿತಲ್ಲ, ಈಗೇನು? ನಿಜ, ಪಶುಗಳಿಗೆ ಅದನ್ನು ಕೊಡುವುದರ ವಿರುದ್ಧ ಭಾರತ 2006ರಲ್ಲೇ ಕ್ರಮ ಕೈಗೊಂಡಿತು, 2008ರಲ್ಲಿ ನಿಷೇಧ ಇನ್ನಷ್ಟು ಬಿಗಿಯಾಯಿತು. ಆದರೆ ಮನುಷ್ಯರ ಔಷಧವಾಗಿ ಅದು ಎಲ್ಲ ಮೆಡಿಕಲ್ ಸ್ಟೋರಿನಲ್ಲೂ ಉಳಿಯಿತು. ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ಹೋಗುತ್ತಿದ್ದುದು ಗೊತ್ತಾಗಿ, ಚುಚ್ಚುಮದ್ದಿನ ಬಾಟಲಿ 3 ಮಿಲಿಲೀಟರ್ ಮೀರಬಾರದು ಎಂದು 2015ರಲ್ಲಿ ಸರ್ಕಾರ ಆದೇಶಿಸಿತು. ಔಷಧ ಕಂಪನಿಗಳು ಇದನ್ನು ಪ್ರಶ್ನಿಸಿದಾಗ ಮದ್ರಾಸ್ ಹೈಕೋರ್ಟ್ 2017ರಲ್ಲಿ ಆದೇಶವನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಬೇರೆ ಹೆಸರುಗಳು ಬಂದಿದ್ದವು. ಅಸಿಕ್ಲೋಫೆನಾಕ್ ಹಸುವಿನ ಮೈಯೊಳಗೆ ಹೋದ ಕೂಡಲೇ ಡೈಕ್ಲೋಫೆನಾಕ್ ಆಗಿ ಬದಲಾಗುತ್ತದೆ. ಕೀಟೊಪ್ರೊಫೆನ್ ನೇರವಾಗಿಯೇ ಹದ್ದನ್ನು ಕೊಲ್ಲುತ್ತದೆ. ಇವೆರಡನ್ನು ಪಶುಗಳಿಗೆ ಕೊಡುವುದು ನಿಷೇಧವಾದದ್ದು 2023ರಲ್ಲಿ. ನಿಮೆಸುಲೈಡ್ ಸರದಿ ಬಂದದ್ದು 2024ರ ಕೊನೆಗೆ. ಒಂದು ಔಷಧ ಕೊಲ್ಲುತ್ತದೆಂದು ತಿಳಿದು, ಅದನ್ನು ನಿಲ್ಲಿಸಿ, ಅದರ ಜಾಗಕ್ಕೆ ಬಂದದ್ದೂ ಕೊಲ್ಲುತ್ತದೆಂದು ತಿಳಿಯುವ ಹೊತ್ತಿಗೆ ಹತ್ತು ಹದಿನೈದು ವರ್ಷ ಕಳೆದುಹೋಗುತ್ತಿದೆ. ಹದ್ದಿಗೆ ಅದು ಎರಡು ಮೂರು ತಲೆಮಾರು. ಹೊಸ ನೋವಿನ ಔಷಧವೊಂದು ಪಶುಗಳಿಗೆಂದು ಮಾರುಕಟ್ಟೆಗೆ ಬರುವ ಮುನ್ನವೇ ಹದ್ದಿಗೆ ಅಪಾಯವಿಲ್ಲ ಎಂದು ಸಾಬೀತಾಗಬೇಕು ಎಂಬ ನಿಯಮ ಬಾರದಿದ್ದರೆ ಈ ಓಟದಲ್ಲಿ ಕಾನೂನು ಸದಾ ಹಿಂದೆಯೇ ಉಳಿಯುತ್ತದೆ.

ಹಸು ನರಳುತ್ತಿರುವಾಗ ಹದ್ದಿನ ಚಿಂತೆ ಮಾಡಬೇಕೇ ಎಂದು ರೈತ ಕೇಳಿದರೆ ಆ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಹಸುವಿನ ನೋವೂ ನೋವೇ. ಹದ್ದಿಗಾಗಿ ಹಸುವನ್ನು ನರಳಲು ಬಿಡಿ ಎನ್ನುವ ಸಂರಕ್ಷಣೆ ನ್ಯಾಯವೂ ಅಲ್ಲ, ನಡೆಯುವಂಥದ್ದೂ ಅಲ್ಲ. ಅದೃಷ್ಟಕ್ಕೆ ಇಲ್ಲಿ ಅಂಥ ಇಕ್ಕಟ್ಟೇ ಇಲ್ಲ. ಮೆಲಾಕ್ಸಿಕಾಮ್ ಎಂಬ ಔಷಧ ಹಸುವಿನ ಬಾವು, ಜ್ವರ, ನೋವಿಗೆ ಕೆಲಸ ಮಾಡುತ್ತದೆ ಮತ್ತು ರಣಹದ್ದಿಗೆ ಅಪಾಯವಿಲ್ಲ ಎಂಬುದು 2006ರಲ್ಲೇ ಪ್ರಯೋಗಗಳಿಂದ ಗೊತ್ತಾಗಿದೆ. ಮುಂದೆ ಟೋಲ್ಫೆನಾಮಿಕ್ ಆಮ್ಲವೂ ಅದೇ ಸಾಲಿಗೆ ಸೇರಿತು. ಮೆಲಾಕ್ಸಿಕಾಮ್ ಅನ್ನು ಹಲವು ಕಂಪನಿಗಳು ತಯಾರಿಸುತ್ತವೆ, ಅದು ದುಬಾರಿಯಲ್ಲ, ಪಶುವೈದ್ಯರಿಗೆ ಹೊಸದೂ ಅಲ್ಲ. ಆದ್ದರಿಂದ ರೈತನಿಂದ ತ್ಯಾಗವನ್ನು ಕೇಳುವ ಪ್ರಮೇಯವೇ ಬರುವುದಿಲ್ಲ. ಸರಿಯಾದ ಬಾಟಲಿ ಅವನ ಕೈಗೆ ಸುಲಭವಾಗಿ ಸಿಗುವಂತೆ, ತಪ್ಪು ಬಾಟಲಿ ಸಿಗದಂತೆ ಮಾಡಬೇಕು. ಹೀಗೆ ಮಾಡಿದರೆ ಫಲ ಸಿಗುತ್ತದೆ ಎಂಬುದಕ್ಕೆ ನೇಪಾಳ ಸಾಕ್ಷಿ. ಅಲ್ಲಿ ಗೂಡುಗಳ ಸುತ್ತಲಿನ ಜಿಲ್ಲೆಗಳಿಂದ ಡೈಕ್ಲೋಫೆನಾಕನ್ನು ಹುಡುಕಿ ತೆಗೆದು ಮೆಲಾಕ್ಸಿಕಾಮ್ ಕೊಟ್ಟರು. ಇಳಿಯುತ್ತಲೇ ಇದ್ದ ಬಿಳಿ ಬೆನ್ನಿನ ರಣಹದ್ದುಗಳ ಸಂಖ್ಯೆ 2013ರ ಈಚೆಗೆ ಏರತೊಡಗಿತು.

ಇನ್ನೊಂದು ಆಕ್ಷೇಪ ಹಕ್ಕಿಪ್ರಿಯರಿಂದಲೇ ಬರುತ್ತದೆ. ರಾಮನಗರದಲ್ಲಿ ಉಳಿದಿರುವುದು ಕೆಲವೇ ಹಕ್ಕಿ. ಬಂಡೀಪುರ, ಮುದುಮಲೈ ಸುತ್ತ ನೂರಾರು ಇವೆ. ಇರುವ ಹಣ, ಶ್ರಮವನ್ನು ಅಲ್ಲೇ ಹಾಕಬಾರದೇ? ಕರ್ನಾಟಕ, ತಮಿಳುನಾಡು, ಕೇರಳ ಒಟ್ಟಾಗಿ 2023ರ ಫೆಬ್ರುವರಿಯಲ್ಲಿ ನಡೆಸಿದ ಎಣಿಕೆಯಲ್ಲಿ 246, ಅದೇ ವರ್ಷದ ಕೊನೆಯ ಎಣಿಕೆಯಲ್ಲಿ 320 ರಣಹದ್ದುಗಳು ಆ ಕಾಡುಗಳಲ್ಲಿ ಸಿಕ್ಕಿದ್ದು ಹೌದು. ಆದರೆ ಅವು ಅಲ್ಲೇ ಏಕೆ ಉಳಿದವು ಎಂದು ಕೇಳಿಕೊಂಡರೆ ಉತ್ತರ ನಮ್ಮ ವಾದಕ್ಕೇ ಬಂದು ಸೇರುತ್ತದೆ. ಅಲ್ಲಿ ಹುಲಿ ಬಿಟ್ಟುಹೋದ ಜಿಂಕೆ, ಕಡವೆ, ಕಾಟಿಯ ಹೆಣ ಸಿಗುತ್ತದೆ. ಕಾಡಿನ ಪ್ರಾಣಿಗೆ ಯಾರೂ ನೋವಿನ ಸೂಜಿ ಹಾಕುವುದಿಲ್ಲ. ತುತ್ತು ಶುದ್ಧವಾಗಿದ್ದಲ್ಲಿ ಹದ್ದು ಉಳಿಯಿತು, ಊರಿನ ದನವನ್ನೇ ನೆಚ್ಚಿದಲ್ಲಿ ಅಳಿಯಿತು. ಇನ್ನೊಂದು ಸಂಗತಿಯೂ ಇದೆ. ಬಂಡೀಪುರದ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ, ಅದರಾಚೆ ಮಲೆ ಮಹದೇಶ್ವರ ಬೆಟ್ಟ, ಅಲ್ಲಿಂದ ಉತ್ತರಕ್ಕೆ ಕಾವೇರಿ ವನ್ಯಧಾಮ. 1987ರಲ್ಲಿ ರಚನೆಯಾದ ಈ ವನ್ಯಧಾಮ ಮುತ್ತತ್ತಿಯ ಬಳಿ ಮಳವಳ್ಳಿ ತಾಲ್ಲೂಕಿನೊಳಗೇ ಬರುತ್ತದೆ. ಅಲ್ಲಿಂದ ರಾಮನಗರದ ಬಂಡೆಗಳು ರಣಹದ್ದಿನ ರೆಕ್ಕೆಗೆ ದೂರವೇನಲ್ಲ. ದಕ್ಷಿಣದ ಹದ್ದುಗಳು ಎಂದಾದರೂ ಹೆಚ್ಚಿ ಹೊಸ ನೆಲ ಹುಡುಕಿ ಹೊರಟರೆ ಅವಕ್ಕೆ ಕಾಡೇ ದಾರಿ ತೋರಿಸುತ್ತದೆ, ಮತ್ತು ಆ ದಾರಿಯ ಅಂಚಿನ ಊರುಗಳು ಮಳವಳ್ಳಿಯವು. ಬಂಡೀಪುರದ ನೂರಾರು ಹಕ್ಕಿ ಮುಂದೆ ಸಾವಿರವಾಗಬೇಕಾದರೂ ಮಳವಳ್ಳಿಯ ಕೊಟ್ಟಿಗೆ ಶುದ್ಧವಾಗಿರಬೇಕು. ರಾಮನಗರದ ಹದ್ದು ಬೇರೆ, ಬಂಡೀಪುರದ ಹದ್ದು ಬೇರೆ ಎಂದು ನಾವು ಲೆಕ್ಕ ಇಡಬಹುದು; ಆಕಾಶದಲ್ಲಿ ಆ ಗಡಿ ಇಲ್ಲ.

ಮದ್ದೂರಿನ ಜನಕ್ಕೆ ಹಕ್ಕಿ ಕಾಯುವುದನ್ನು ಹೊರಗಿನವರು ಹೇಳಿಕೊಡಬೇಕಿಲ್ಲ. ಶಿಂಷಾ ನದಿಯ ದಡದ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ, ಅರಳಿ ಮರಗಳಲ್ಲಿ, ಮನೆಯ ಹೆಂಚಿನ ನೆತ್ತಿಯ ಮೇಲೇ ಗೂಡು ಕಟ್ಟುತ್ತವೆ. ಪ್ಲೇಗ್ ಬಂದು ಊರು ನದಿ ದಡದಿಂದ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಊರವರು ಹೇಳುತ್ತಾರೆ. ಅವನ್ನು ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳೆಂದೇ ಕರೆಯುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರನ್ನು ಹೊರಜಗತ್ತಿಗೆ ಪರಿಚಯಿಸಿದರು. ಹುಣಸೆ ಕೀಳದೆ ಹಕ್ಕಿಗೆ ಮರ ಬಿಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತಾ ಬಂತು. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಜೊತೆ ಸೇರಿ ಊರ ಯುವಕರು ಹೆಜ್ಜಾರ್ಲೆ ಬಳಗ ಕಟ್ಟಿದರು. ಗೂಡಿನಿಂದ ಜಾರಿ ಬಿದ್ದ ಮರಿಗಳನ್ನು ಬೇಲಿಯೊಳಗೆ ಇಟ್ಟು, ಮೀನು ತಿನ್ನಿಸಿ, ಹಾರಲು ಬಂದ ಮೇಲೆ ಬಿಟ್ಟರು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಕೊಕ್ಕರೆ ಬೆಳ್ಳೂರು ಮಾಡಿದ್ದನ್ನು ರಣಹದ್ದಿಗೂ ಮಾಡೋಣ ಎಂದು ಹೇಳಿಬಿಡುವುದು ಸುಲಭ. ಆದರೆ ಎರಡೂ ಒಂದೇ ಅಲ್ಲ. ಹೆಜ್ಜಾರ್ಲೆ ಕಣ್ಣೆದುರಿಗಿದೆ, ಮರದ ಕೆಳಗೆ ಗುಂಡಿ ತೋಡಿ ಕೆರೆಗೋಡು ಹಾಕಿದರೆ ಅದರ ಹಿಕ್ಕೆ ಬಿದ್ದು ಒಳ್ಳೆಯ ಗೊಬ್ಬರವಾಗುತ್ತದೆ, ಅದು ಬಂದರೆ ಮಳೆ ಬೆಳೆ ಚೆನ್ನ ಎಂಬ ನಂಬಿಕೆಯಿದೆ. ರಣಹದ್ದಿಗೆ ಅಂಥ ನಂಟಿಲ್ಲ. ರಾಮಾಯಣದ ಜಟಾಯುವನ್ನು ನೆನೆದು ಕೈ ಮುಗಿಯುವವರೂ ಅದು ಮನೆಯ ಮೇಲೆ ಕೂತರೆ ಅಪಶಕುನ ಎನ್ನುತ್ತಾರೆ. ಪ್ರೀತಿಯನ್ನು ನೆಚ್ಚಿ ಹದ್ದನ್ನು ಉಳಿಸುತ್ತೇವೆ ಎಂದರೆ ಸೋಲುತ್ತೇವೆ.

ಬೆಳ್ಳೂರಿನಿಂದ ಕಲಿಯಬೇಕಾದ ಇನ್ನೊಂದು ಪಾಠ ಅಷ್ಟು ಸಿಹಿಯಲ್ಲ. ಗೂಡಿನ ಮರವನ್ನು ಊರು ಕಾದರೂ ಹೆಜ್ಜಾರ್ಲೆ ಉಣ್ಣಬೇಕಾದದ್ದು ಮದ್ದೂರು ಕೆರೆ, ತೈಲೂರು ಕೆರೆಯಂಥ ದೂರದ ನೀರಿನಲ್ಲಿ. 2017ರ ಕೊನೆಯಿಂದ 2018ರ ಆರಂಭದವರೆಗೆ ಬೆಳ್ಳೂರಿನಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಪರೀಕ್ಷೆಯಲ್ಲಿ ಹೊಟ್ಟೆಯ ತುಂಬ ಜಂತುಹುಳು ಕಂಡವು, ಅವು ಮೀನಿನ ಮೂಲಕ ಬರುವಂಥವು. ಊರವರ ಅಕ್ಕರೆಯಲ್ಲಿ ಕೊರತೆ ಇರಲಿಲ್ಲ, ಊಟ ಕೆಟ್ಟಿತ್ತು. ಅದೇ ಮಂಡ್ಯ ಜಿಲ್ಲೆಯ ರಂಗನತಿಟ್ಟು ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಿಂದ 1940ರಲ್ಲೇ ಪಕ್ಷಿಧಾಮವಾಯಿತು, 2022ರಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿನ ಹಕ್ಕಿಗಳೂ ನಡುಗಡ್ಡೆಯಲ್ಲಿ ಮರಿ ಮಾಡಿ, ಸುತ್ತಲಿನ ನಾಲೆ, ಗದ್ದೆ, ಕೆರೆಗಳಲ್ಲಿ ಮೇಯುತ್ತವೆ. ಎಂಬತ್ತು ವರ್ಷಗಳಿಂದ ನಾವು ಗೂಡಿರುವ ಜಾಗಕ್ಕೆ ಗಡಿ ಎಳೆಯುವುದನ್ನು ಚೆನ್ನಾಗಿ ಕಲಿತಿದ್ದೇವೆ. ಮೇವಿರುವ ಜಾಗ ಯಾರ್ಯಾರದೋ ಜಮೀನು, ಯಾವ್ಯಾವುದೋ ಇಲಾಖೆ. ಅದನ್ನು ಕಾಯುವ ಬಗೆ ಇನ್ನೂ ಕೈಗೆ ಹತ್ತಿಲ್ಲ.

ಹದ್ದು ಊರಿಗೆ ಕೊಡುತ್ತಿದ್ದದ್ದು ಕಣ್ಣಿಗೆ ಕಾಣದ ಲಾಭವಾದ್ದರಿಂದಲೇ ಅದು ಹೋದಾಗ ಯಾರೂ ಗಮನಿಸಲಿಲ್ಲ. ಒಂದು ಹಿಂಡು ಒಂದು ಸತ್ತ ದನವನ್ನು ಒಂದು ಗಂಟೆಯೊಳಗೆ ಮೂಳೆ ಮಾತ್ರ ಉಳಿಯುವಂತೆ ಮುಗಿಸುತ್ತಿತ್ತು. ಅದು ಹೋದ ಮೇಲೆ ಹೆಣ ನಾಯಿಗಳ ಪಾಲಾಯಿತು, ಕೊಳೆತು ನೀರಿಗೆ ಸೇರಿತು. ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್, ಹಿಂದೆ ಹದ್ದುಗಳು ಹೆಚ್ಚಿದ್ದ ಜಿಲ್ಲೆಗಳನ್ನೂ ಇಲ್ಲದ ಜಿಲ್ಲೆಗಳನ್ನೂ ಹೋಲಿಸಿ 2024ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ದಲ್ಲಿ ಬರೆದರು: ಹದ್ದುಗಳು ಅಳಿದ ಜಿಲ್ಲೆಗಳಲ್ಲಿ ಜನರ ಸಾವಿನ ಪ್ರಮಾಣ ಶೇ 4ಕ್ಕೂ ಹೆಚ್ಚು ಏರಿತು, 2000ದಿಂದ 2005ರವರೆಗೆ ದೇಶದಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಸಾವುಗಳಾದವು. ಇಂಥ ಅಂದಾಜನ್ನು ತಜ್ಞರು ಇನ್ನೂ ಜರಡಿ ಹಿಡಿಯುತ್ತಾರೆ, ಹಿಡಿಯಲಿ. ಅದರ ಅರ್ಧ ನಿಜವಾದರೂ ಇದು ಹಕ್ಕಿಪ್ರಿಯರ ಹವ್ಯಾಸದ ವಿಷಯವಾಗಿ ಉಳಿಯುವುದಿಲ್ಲ, ಜಿಲ್ಲಾ ಪಂಚಾಯಿತಿಯ ಆರೋಗ್ಯದ ವಿಷಯವಾಗುತ್ತದೆ.

ಕೊನೆಯ ಆಕ್ಷೇಪ ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದದ್ದು. ಈಗ ಸತ್ತ ದನವನ್ನು ಊರಾಚೆ ಎಸೆಯುವವರು ಯಾರು? ಜೆಸಿಬಿ ಕರೆಸಿ ಗುಂಡಿ ತೋಡಿ ಹೂಳುತ್ತಾರೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗಲಂತೂ ಹೂಳಲೇಬೇಕಾಯಿತು, ಅದು ಸರಿಯೂ ಆಗಿತ್ತು. ಹಾಗಾದರೆ ಔಷಧ ಬದಲಿಸಿದರೂ ಹದ್ದಿಗೆ ತುತ್ತೆಲ್ಲಿ? ಬೆಟ್ಟದಲ್ಲೇ ಹೆಣ ಇಟ್ಟು ಉಣ್ಣಿಸೋಣ ಎನ್ನುವವರಿದ್ದಾರೆ. ರಾಮನಗರದ ಬೆಟ್ಟಗಳಲ್ಲಿ ಚಿರತೆ, ಕರಡಿಗಳಿವೆ, ಬುಡದಲ್ಲಿ ನಾಯಿಗಳಿವೆ. ತೆರೆದಿಟ್ಟ ಮಾಂಸ ಮೊದಲು ಅವನ್ನು ಕರೆಯುತ್ತದೆ. ಅದಕ್ಕಿಂತ ದೊಡ್ಡ ಭಯವೆಂದರೆ, ಎಲ್ಲಿಂದಲೋ ತಂದ ಪರೀಕ್ಷೆಯಿಲ್ಲದ ಒಂದು ಹೆಣ ಉಳಿದಿರುವ ಎಲ್ಲ ಹಕ್ಕಿಗಳಿಗೂ ಒಂದೇ ದಿನ ವಿಷ ಉಣ್ಣಿಸಬಹುದು. ಕಬ್ಬಿನ ಗದ್ದೆಯಲ್ಲಿ ಚಿರತೆ ಸೇರಿಕೊಂಡು ಕುರಿ, ನಾಯಿ ಹಿಡಿಯುವ ಈ ಸೀಮೆಯಲ್ಲಿ ಸಿಟ್ಟಿಗೆದ್ದವರು ಹೆಣಕ್ಕೆ ಕ್ರಿಮಿನಾಶಕ ಹಾಕುವ ಅಪಾಯವೂ ಇದ್ದದ್ದೇ. ಹಾಗಾಗಿ ಕ್ರಮ ತಲೆಕೆಳಗಾಗಬಾರದು: ಮೊದಲು ಕೊಟ್ಟಿಗೆ ಶುದ್ಧವಾಗಬೇಕು, ಆಮೇಲೆ ಉಣ್ಣಿಸುವ ಮಾತು. ಯಾವ ಹಸುವಿಗೆ ಯಾವ ಔಷಧ ಹೋಯಿತು ಎಂಬ ದಾಖಲೆ ಇದ್ದರೆ, ರೋಗವಿಲ್ಲದೆ ಮುಪ್ಪಿನಿಂದಲೋ ಅಪಘಾತದಿಂದಲೋ ಸತ್ತ ದನವನ್ನು ಆರಿಸಿ, ನಾಯಿ ಬಾರದಂತೆ ಬೇಲಿ ಹಾಕಿದ ಜಾಗದಲ್ಲಿ ಇಡಬಹುದು.

ಆ ದಾಖಲೆಯನ್ನು ಇಡಬಲ್ಲ ವ್ಯವಸ್ಥೆ ಅರಣ್ಯ ಇಲಾಖೆಯದ್ದಲ್ಲ, ಡೇರಿಯದ್ದು. ಊರೂರಿನ ಹಾಲು ಉತ್ಪಾದಕರ ಸಹಕಾರ ಸಂಘ ದಿನಕ್ಕೆ ಎರಡು ಹೊತ್ತು ರೈತನ ಮುಖ ನೋಡುತ್ತದೆ, ಯಾರ ಮನೆಯ ಹಸು ಹಾಲು ಕಡಿಮೆ ಮಾಡಿತೆಂಬುದು ಅಲ್ಲಿನ ಕಾರ್ಯದರ್ಶಿಗೆ ಮರುದಿನವೇ ಗೊತ್ತಾಗುತ್ತದೆ. ಒಕ್ಕೂಟ, ಪಶು ಆಸ್ಪತ್ರೆ ಎರಡೂ ಖರೀದಿಸುವ ನೋವಿನ ಇಂಜೆಕ್ಷನ್ ಮೆಲಾಕ್ಸಿಕಾಮ್ ಮಾತ್ರವೇ ಆಗಿರಬೇಕೆಂದು ನಿರ್ಧರಿಸಿದರೆ ಅರ್ಧ ಕೆಲಸ ಮುಗಿಯುತ್ತದೆ. ಉಳಿದರ್ಧ ಔಷಧ ನಿಯಂತ್ರಣಾಧಿಕಾರಿಗಳದ್ದು: ಮದ್ದೂರು, ಮಂಡ್ಯ, ಮಳವಳ್ಳಿ ಪೇಟೆಯ ಮೆಡಿಕಲ್ ಸ್ಟೋರುಗಳಲ್ಲಿ ಹಸುವಿಗೆಂದು ಕೇಳಿದಾಗ ಏನು ಕೊಡುತ್ತಾರೆ ಎಂದು ಆಗಾಗ ನೋಡಬೇಕು, ಹೂಳುವ ಮುನ್ನ ಕೆಲವು ದನಗಳ ಪಿತ್ತಜನಕಾಂಗದ ಚೂರನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಇಡೀ ಜಿಲ್ಲೆಯಲ್ಲಿ ಒಮ್ಮೆಗೇ ಆಗದಿದ್ದರೆ ಮಳವಳ್ಳಿ ತಾಲ್ಲೂಕಿನ ಹಲಗೂರು ಸುತ್ತಲಿನ ಹತ್ತಾರು ಡೇರಿಗಳಿಂದ ಶುರು ಮಾಡಬಹುದು; ಮುತ್ತತ್ತಿಯ ಕಾಡಿಗೆ ಹತ್ತಿರವಿರುವುದು ಅವೇ.